ಅಂಜಿನಮ್ಮ ಕೊರೆದ ತಗಡಿನ ಅಕ್ಷರ

ಗಂಗಲಕ್ಷ್ಮಮ್ಮ ಸತ್ತಾಗ ಬೆಳಗಿನ ಹತ್ತು ಗಂಟೆಯೂ ಆಗಿರಲಿಲ್ಲ. ಅವಳ ತಂಗಿ ಅಂಜಿನಮ್ಮ ಇಪ್ಪತ್ತು ಮಾರು ದೂರದಲ್ಲಿ ಒಣಹುಲ್ಲಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದಳು. ಹುಲ್ಲು ಕಣ್ಣಿನವರೆಗೂ ಇಳಿಬಿದ್ದಿತ್ತು. ಅವಳ ಮುಖ ಉಳಿದದ್ದು ಆ ಹೊರೆಯಿಂದಲೇ.

ಅದು ೧೯೪೩, ಯುದ್ಧದ ಕಾಲ. ಹಲಸೂರು ಕೆರೆ ದಾಟಿ ಕೆ.ಆರ್. ಪುರದ ಕಡೆಗೆ ಹೋಗುವ ಮದ್ರಾಸ್ ರಸ್ತೆಯ ಪಕ್ಕದಲ್ಲಿ ಒಬ್ಬ ಕಂಟ್ರಾಕ್ಟರನ ಯಾರ್ಡು ಇತ್ತು. ಮಿಲಿಟರಿಯವರು ಕಾಡಿನಲ್ಲಿ ರಸ್ತೆ ಮಾಡಲು, ಬಂಡೆ ಒಡೆಯಲು ಬೇಕಾದ ಸಾಮಾನು ರೈಲಿನಲ್ಲಿ ಬಂದು ಅಲ್ಲಿ ಇಳಿಯುತ್ತಿತ್ತು. ಅದನ್ನು ಸಣ್ಣ ಪೆಟ್ಟಿಗೆಗಳಿಗೆ ತುಂಬಿ, ಹುಲ್ಲು ತುರುಕಿ, ಮೊಳೆ ಹೊಡೆದು ಲಾರಿಗೆ ಏರಿಸುವುದು ಅಲ್ಲಿನ ಕೆಲಸ. ಜೋಗುಪಾಳ್ಯದಿಂದ ಇಪ್ಪತ್ತು ಮೂವತ್ತು ಹೆಂಗಸರು ದಿನಾ ನಡೆದು ಹೋಗುತ್ತಿದ್ದರು. ಮೊಳೆ, ಚಿಲಕ, ತಂತಿ ಎಲ್ಲಕ್ಕೂ ಒಂದೇ ಬಗೆಯ ಮಾವಿನ ಹಲಗೆಯ ಪೆಟ್ಟಿಗೆ. ಬಂಡೆ ಸಿಡಿಸುವ ಮದ್ದಿಗೆ ಕಿಡಿ ಕೊಡುವ ತಾಮ್ರದ ಸಣ್ಣ ಕೊಳವೆಗಳಿಗೂ ಅದೇ ಪೆಟ್ಟಿಗೆ. ಆ ಕೊಳವೆಗಳಿಗೆ ಯಾರ್ಡಿನಲ್ಲಿ ಕ್ಯಾಪು ಎನ್ನುತ್ತಿದ್ದರು. ಕಿರುಬೆರಳಿನಷ್ಟು ಉದ್ದ. ಒಂದು ಪೆಟ್ಟು ಬಿದ್ದರೆ ಸಾಕು, ಸಿಡಿಯುತ್ತದೆ.

ಆ ದಿನ ಒಂದು ಲಾರಿಗೆ ಮೊಳೆ ಕಡಿಮೆ ಬಿತ್ತು. ಮೇಸ್ತ್ರಿ ಮುನಿರಾಜಪ್ಪ ಅವಸರದಲ್ಲಿದ್ದ. ಸಾಲಾಗಿ ಪೇರಿಸಿದ ಪೆಟ್ಟಿಗೆಗಳ ಕಡೆ ಕೈ ತೋರಿಸಿ, "ಅದ್ರಲ್ಲಿ ಒಂದು ಒಡೀರಿ, ಬೇಗ" ಎಂದ. ಗಂಗಲಕ್ಷ್ಮಮ್ಮ ಹಾರೆಯನ್ನು ಮುಚ್ಚಳದ ಸಂದಿಗೆ ಇಟ್ಟು ಎರಡು ಸಲ ಮೀಟಿದಳು. ಬರಲಿಲ್ಲ. ಮೂರನೆಯ ಸಲ ಹಾರೆಯನ್ನು ಎತ್ತಿ ಹೊಡೆದಳು.

ಮೂವರು ಹೆಂಗಸರು ಅಲ್ಲೇ ಸತ್ತರು. ಅಂಜಿನಮ್ಮ ಎದ್ದು ನಿಂತಾಗ ಅವಳ ಕಿವಿಯಲ್ಲಿ ಗುಂಯ್ ಎನ್ನುವ ಶಬ್ದ ಬಿಟ್ಟು ಬೇರೇನೂ ಇರಲಿಲ್ಲ. ಹುಲ್ಲಿಗೆ ಬೆಂಕಿ ಹತ್ತಿತ್ತು. ಅಕ್ಕನ ಸೀರೆಯ ಗುರುತು ಹಿಡಿದು ಹೋದಳು. ಸೀರೆಯಲ್ಲಿ ಅಕ್ಕ ಪೂರ್ತಿ ಇರಲಿಲ್ಲ. ಎದೆಗೆ ಒಂದು ಹಲಗೆಯ ಚೂರು ಚುಚ್ಚಿಕೊಂಡಿತ್ತು. ಅಂಜಿನಮ್ಮ ಅದನ್ನು ಎರಡು ಕೈಯಿಂದ ಎಳೆದು ತೆಗೆದಳು. ಒಂದೂವರೆ ಅಡಿ ಉದ್ದದ ಮುಚ್ಚಳದ ತುಂಡು, ಮೇಲೆ ಕಪ್ಪು ಬಣ್ಣದಲ್ಲಿ ಬರೆದ ಐದು ಸಾಲು ಇಂಗ್ಲಿಷ್ ಅಕ್ಷರ. ಯಾಕೆ ಎಂದು ಅವಳಿಗೂ ಗೊತ್ತಿಲ್ಲ, ಅದನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದಳು.

ಮೂರನೆಯ ದಿನ ವಿಚಾರಣೆಗೆ ಮಿಲಿಟರಿ ಸಾಹೇಬ ಬರುವವನಿದ್ದ. ಅದರ ಹಿಂದಿನ ಮಧ್ಯಾಹ್ನ ಮುನಿರಾಜಪ್ಪ ಪೇಂಟರ್ ಸನಾವುಲ್ಲಾನನ್ನು ಹುಲ್ಲಿನ ಶೆಡ್ಡಿನ ಹಿಂದಕ್ಕೆ ಕರೆಸಿದ. ಸನಾವುಲ್ಲಾ ಶಿವಾಜಿನಗರದವನು, ಆಗಿನ ಜನರ ಬಾಯಲ್ಲಿ ಅದು ಬ್ಲಾಕ್‌ಪಲ್ಲಿ. ಇಪ್ಪತ್ತು ವರ್ಷ ದಂಡಿನ, ಅಂದರೆ ಕಂಟೋನ್ಮೆಂಟಿನ, ದರ್ಜಿ ಅಂಗಡಿ, ಬೇಕರಿ, ಬೂಟಿನ ಅಂಗಡಿಗಳಿಗೆ ಬೋರ್ಡು ಬರೆದ ಕೈ ಅವನದು. ಯುದ್ಧ ಬಂದು ಬಣ್ಣ ಸಿಗದೆ ಅಂಗಡಿಯ ಕೆಲಸ ನಿಂತ ಮೇಲೆ ಯಾರ್ಡಿನಲ್ಲಿ ಪೆಟ್ಟಿಗೆಗೆ ಅಕ್ಷರ ಬರೆಯಲು ಸೇರಿದ್ದ.

"ನಾಳೆ ಸಾಹೇಬ್ರು ಕೇಳಿದ್ರೆ ಏನಂತೀಯ?" ಎಂದು ಮುನಿರಾಜಪ್ಪ ಕೇಳಿದ.

"ಇದ್ದಿದ್ದು ಹೇಳ್ತೀನಿ. ಕ್ಯಾಪಿನ ಪೆಟ್ಟಿಗೆಗೆ ಕೆಂಪು ಬಣ್ಣ ಕೇಳಿದ್ದೆ, ನೀವು ಬೇಡ ಅಂದ್ರಿ. ಯಾವ ಸಾಲು ಒಡೀಬೇಕು ಅಂತ ಕೈ ತೋರ್ಸಿದ್ದೂ ನೀವೇ. ನಾನು ನೋಡ್ದೆ."

ಇಬ್ಬರು ಆಳುಗಳು ಅವನನ್ನು ಹಿಡಿದರು. ಬಲಗೈಯನ್ನು ಒಂದು ಪೆಟ್ಟಿಗೆಯ ಅಂಚಿನ ಮೇಲೆ ಚಾಚಿ ಇಟ್ಟರು. ಮುನಿರಾಜಪ್ಪ ಮುಚ್ಚಳ ಬಡಿಯುವ ಮರದ ಕೊಡತಿಯನ್ನು ತೆಗೆದುಕೊಂಡು ನಾಲ್ಕು ಏಟು ಹಾಕಿದ. ಮೊದಲ ಏಟಿಗೆ ಸನಾವುಲ್ಲಾ ಕೂಗಿದ. ಆಮೇಲೆ ಅವನ ಬಾಯಿಗೆ ಹುಲ್ಲು ತುರುಕಿದರು.

ಮರುದಿನ ಅವನು ಕೈಯನ್ನು ಕೋಟಿನೊಳಗೆ ಇಟ್ಟುಕೊಂಡು ಸಾಹೇಬನ ಮುಂದೆ ನಿಂತು ಎರಡೇ ಮಾತು ಹೇಳಿದ. ಪೆಟ್ಟಿಗೆಯ ಮೇಲೆ ಬರೆದವನು ನಾನು. ಅಪಾಯ ಎಂದೂ ಬರೆದಿದ್ದೆ. ಸಾಹೇಬ ಇನ್ನೊಂದು ಪೆಟ್ಟಿಗೆ ತರಿಸಿ ನೋಡಿದ. ನಾಲ್ಕನೆಯ ಸಾಲಿನಲ್ಲಿ ಆ ಮಾತು ಇತ್ತು. ಓದು ಬಾರದ ಕೂಲಿ ಹೆಂಗಸರ ಅಜಾಗರೂಕತೆ ಎಂದು ಕಾಗದವಾಯಿತು.

ಅಂಜಿನಮ್ಮನ ಕಿವಿಗೆ ಬಿದ್ದದ್ದು ಇಷ್ಟೇ: ಬರೆದವನು ಆ ಸಾಬಿ, ತಾನೇ ಒಪ್ಪಿಕೊಂಡ. ಅಕ್ಕನ ಹನ್ನೊಂದನೆಯ ದಿನ ಮುಗಿದ ಮಾರನೇ ಬೆಳಿಗ್ಗೆ ಅವಳು ಯಾರ್ಡಿನ ಹಾರೆಯೊಂದನ್ನು ಸೀರೆಯ ಮರೆಯಲ್ಲಿ ಹಿಡಿದು, ಆ ಹಲಗೆಯ ತುಂಡನ್ನೂ ಕಂಕುಳಿಗೆ ಇಟ್ಟು, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ಹೋದಳು. ಪೇಂಟರ್ ಮನೆ ಯಾವುದು ಎಂದು ಒಬ್ಬ ಮಾಂಸದ ಅಂಗಡಿಯವನನ್ನು ಕೇಳಿದಳು. ಅವನು ತೋರಿಸಿದ.

ಬಾಗಿಲಿಗೆ ಬಂದವಳು ಸನಾವುಲ್ಲಾನ ಹೆಂಡತಿ ಜಹನಾರಾ. ಅಂಜಿನಮ್ಮ ಅವಳನ್ನು ಪಕ್ಕಕ್ಕೆ ತಳ್ಳಿದಳು. ಜಹನಾರಾ ರುಬ್ಬುವ ಕಲ್ಲಿನ ಮೇಲೆ ಬಿದ್ದಳು, ಹಣೆ ಒಡೆಯಿತು. ಒಳಗೆ ಚಾಪೆಯ ಮೇಲೆ ಕೂತಿದ್ದ ಸನಾವುಲ್ಲಾ ಏಳುವಷ್ಟರಲ್ಲಿ ಹಾರೆ ಅವನ ಎಡಭುಜದ ಮೇಲೆ ಬಿತ್ತು. ಎರಡನೆಯ ಏಟಿಗೆ ಎತ್ತಿದ ಕೈಯನ್ನು ಹಿಂದಿನಿಂದ ಜಹನಾರಾ ಎರಡೂ ಕೈಯಲ್ಲಿ ಹಿಡಿದಳು. ಅವಳ ಮುಖದ ಮೇಲೆಲ್ಲ ರಕ್ತ.

"ಹೊಡಿ, ಆಮೇಲೆ ಹೊಡಿ," ಎಂದಳು ಜಹನಾರಾ. "ಮೊದ್ಲು ಆ ಕೈ ನೋಡು. ರೀ, ಬಟ್ಟೆ ಬಿಚ್ಚಿ ತೋರ್ಸಿ ಇವಳ್ಗೆ."

ಅವನು ಹಲ್ಲಿನಿಂದ ಗಂಟು ಬಿಚ್ಚಿದ. ಬಟ್ಟೆಯೊಳಗೆ ಇದ್ದದ್ದು ಕೈಯಂತೆ ಇರಲಿಲ್ಲ. ಬೆರಳುಗಳು ನೀಲಿಗಟ್ಟಿ ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿದ್ದವು. ಶೆಡ್ಡಿನ ಹಿಂದೆ ನಡೆದದ್ದನ್ನು ಅವನು ಒಂದೂ ಬಿಡದೆ ಹೇಳಿದ. ಅಂಜಿನಮ್ಮ ನಿಂತೇ ಕೇಳಿದಳು. ಹಾರೆ ಕೈಯಲ್ಲೇ ಇತ್ತು.

ಹೇಳಿ ಮುಗಿದ ಮೇಲೆ ಅವನ ಕಣ್ಣು ನೆಲಕ್ಕೆ ಬಿದ್ದಿದ್ದ ಹಲಗೆಯ ಮೇಲೆ ಹೋಯಿತು. ಅದನ್ನು ಎಡಗೈಯಿಂದ ಗೋಡೆಗೆ ಒರಗಿಸಿ ನಿಲ್ಲಿಸಿದ.

"ಓದೋಕೆ ಬರತ್ತಾ ನಿನಗೆ?"

"ಇಲ್ಲ."

"ಬರೋದು ಬೇಡ. ಇದ್ರಲ್ಲಿ ಮೊದ್ಲು ಕಣ್ಣಿಗೆ ಬೀಳೋದು ಯಾವ್ದು ಹೇಳು."

ಅವಳು ತುಂಬ ಹೊತ್ತು ನೋಡಿದಳು. "ಯಾವ್ದೂ ಬೀಳಲ್ಲ. ಇರುವೆ ಸಾಲು ಹೋದಂಗಿದೆ."

"ಕಂಪನಿ ಹೆಸರು, ತೂಕ, ನಂಬರು, ಆಮೇಲೆ ಡೇಂಜರು, ಕೊನೆಗೆ ಊರು. ಎಲ್ಲ ಒಂದೇ ಬ್ರಷ್ಷು, ಒಂದೇ ಅಳತೆ. ಓದೋಕೆ ಬರೋನ ಕಣ್ಣಿಗೂ ಸಿಗಲ್ಲ. ಕೆಂಪು ಕೇಳ್ದೆ. ತಡ ಆಗತ್ತೆ ಅಂದ ಮೇಸ್ತ್ರಿ. ನಾನು ಸರಿ ಅಂದೆ. ಆಯ್ತು, ಅವನು ಕೈ ಮುರ್ದ. ಸರಿ ಅಂದೋನು ಮಾತ್ರ ನಾನೇ."

ಅಂಜಿನಮ್ಮ ಹಾರೆಯನ್ನು ಬಾಗಿಲ ಪಕ್ಕಕ್ಕೆ ಇಟ್ಟಳು. ಜಹನಾರಾಳ ಹಣೆಗೆ ಅರಿಶಿನ ಒತ್ತಿದವಳು ಅವಳೇ.

ಅವಳು ಯಾರ್ಡಿಗೆ ಮತ್ತೆ ಕೆಲಸಕ್ಕೆ ಹೋದಳು. ಬೇರೆ ದಾರಿ ಇರಲಿಲ್ಲ. ಸನಾವುಲ್ಲಾನ ಜಾಗಕ್ಕೆ ಬಂದ ಹುಡುಗರು ಹಳೆಯ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು ಅದನ್ನೇ ನಕಲು ಮಾಡುತ್ತಿದ್ದರು. ಅದೇ ಐದು ಸಾಲು. ಕ್ಯಾಪಿನ ಪೆಟ್ಟಿಗೆ ಎತ್ತುವಾಗಲೂ ಮೊಳೆಯ ಪೆಟ್ಟಿಗೆ ಎತ್ತುವಾಗಲೂ ಅವಳು ಒಂದೇ ತರ ಹೆಜ್ಜೆ ಎಣಿಸಿ ನಡೆಯುತ್ತಿದ್ದಳು, ಯಾಕೆಂದರೆ ಯಾವುದು ಯಾವುದೆಂದು ತಿಳಿಯದು. ಒಂದು ವಾರ ಹೀಗೆ ಕಳೆದು, ಭಾನುವಾರ ಮತ್ತೆ ಆ ಗಲ್ಲಿಗೆ ಹೋದಳು.

"ಸಾಬ್ರೇ, ನಂಗೆ ಕಲ್ಸಿ."

"ಏನು, ಓದೋದಾ?"

"ಕಾಣೋಂಗೆ ಬರೆಯೋದು."

ಸನಾವುಲ್ಲಾ ನಗಲಿಲ್ಲ. ಫೋಟೋ ಸ್ಟುಡಿಯೋದಿಂದ ಬಂದ ಕಪ್ಪು ಕಾಗದ ಮನೆಯಲ್ಲಿತ್ತು. ಜಹನಾರಾ ಅದರಿಂದ ಅಂಗೈಯಗಲದ ಹತ್ತು ಚೌಕ ಕತ್ತರಿಸಿದಳು. ಸುಣ್ಣ ಬಳಿದ ಒಂದು ಹಲಗೆಯನ್ನು ಮುಂದಿಟ್ಟು ಅವನು ಒಂದೇ ಒಂದು ಚೌಕವನ್ನು ಅವಳ ಕೈಗೆ ಕೊಟ್ಟ.

"ಇದು ಬಿದ್ದು ಹೋಗೋ ಹಾಗೆ ಇಡು."

ಅವಳು ಅದನ್ನು ಹಲಗೆಯ ಮೇಲಿನ ಮೂಲೆಗೆ ಸ್ವಲ್ಪ ಓರೆಯಾಗಿ ಇಟ್ಟಳು. "ಈಗ ಕದಲದೆ ಕೂರೋ ಹಾಗೆ" ಎಂದ. ಕೆಳಗಿನ ನಡುವಿಗೆ ಇಟ್ಟಳು. "ಈಗ ಉಸಿರು ಕಟ್ಟೋ ಹಾಗೆ." ಅವಳು ಉಳಿದ ಒಂಬತ್ತನ್ನೂ ಕೇಳಿ ತೆಗೆದುಕೊಂಡು ಮೊದಲನೆಯದರ ಸುತ್ತ ಒತ್ತೊತ್ತಾಗಿ ಇಟ್ಟಳು.

"ಸರಿ. ಆ ನಡುವಿನದು ಎಲ್ಲಕ್ಕಿಂತ ಮೊದ್ಲು ಕಾಣ್ಬೇಕು. ಆದ್ರೆ ಅದನ್ನ ಮುಟ್ಟೋ ಹಾಗಿಲ್ಲ."

ಅಂಜಿನಮ್ಮ ಯೋಚನೆ ಮಾಡುತ್ತ ಕೂತಳು. ಅವಳಿಗೆ ಯಾರ್ಡು ನೆನಪಾಯಿತು, ಶವಗಳನ್ನು ನೋಡಲು ಬಂದ ಜನ ಹಿಂದೆ ಸರಿದು ನಿಂತದ್ದು, ನಡುವೆ ಅಕ್ಕ ಒಬ್ಬಳೇ ಉಳಿದದ್ದು. ಒಂಬತ್ತು ಚೌಕಗಳನ್ನು ಒಂದೊಂದಾಗಿ ಹಲಗೆಯ ಒಂದು ಅಂಚಿಗೆ ಸರಿಸಿ ಗುಂಪು ಮಾಡಿದಳು. ಹತ್ತನೆಯದು ಬಿಳಿಯ ನಡುವೆ ಒಂಟಿಯಾಗಿ ಉಳಿಯಿತು.

"ಇದನ್ನ ಕಲಿಯೋಕೆ ನಂಗೆ ಎರಡು ವರ್ಷ ಬೇಕಾಯ್ತು," ಎಂದ ಸನಾವುಲ್ಲಾ.

ಪ್ರತಿ ಭಾನುವಾರ ಹೀಗೆ ನಡೆಯಿತು. ಅವಳು ಇಂಗ್ಲಿಷ್ ಅಕ್ಷರವನ್ನು ಶಬ್ದವಾಗಿ ಕಲಿಯುವ ಮೊದಲು ಆಕಾರವಾಗಿ ಕಲಿತಳು. ಅವನು ರಟ್ಟಿನಲ್ಲಿ ಕತ್ತರಿಸಿದ ಅಕ್ಷರಗಳನ್ನು ತಲೆಕೆಳಗು ಮಾಡಿಯೇ ಅವಳ ಮುಂದೆ ಇಡುತ್ತಿದ್ದ. ನೆಟ್ಟಗೆ ಇಟ್ಟರೆ ಕಣ್ಣು ಓದಲು ಓಡುತ್ತದೆ, ನೋಡುವುದಿಲ್ಲ ಎನ್ನುತ್ತಿದ್ದ. ಎರಡು ಅಕ್ಷರಗಳ ನಡುವಿನ ಖಾಲಿ ಜಾಗ ಸರಿಯಿದೆಯೇ ಎಂದು ತಿಳಿಯಲು ಅಲ್ಲಿಗೆ ರಾಗಿ ಸುರಿಯಬೇಕು. ಆಮೇಲೆ ಆ ರಾಗಿಯನ್ನು ತೆಗೆದು ಮುಂದಿನ ಸಂದಿಗೆ ಸುರಿಯಬೇಕು. ಅಷ್ಟೇ ರಾಗಿ ಅಲ್ಲೂ ಹಿಡಿದರೆ ಸರಿ. ಅಳತೆಪಟ್ಟಿ ಇಟ್ಟರೆ ಸುಳ್ಳಾಗುತ್ತದೆ, ಯಾಕೆಂದರೆ ದುಂಡನೆಯ ಅಕ್ಷರದ ಪಕ್ಕ ಜಾಗ ಹೆಚ್ಚು ಸೋರುತ್ತದೆ. ಮೂರು ತಿಂಗಳಾದ ಮೇಲೆ ಅವಳಿಗೆ ರಾಗಿ ಬೇಕಾಗಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿ, "ಇಲ್ಲಿ ಒಂದು ಹಿಡಿ ಜಾಸ್ತಿ" ಎನ್ನುತ್ತಿದ್ದಳು. ಜಹನಾರಾ ಹಲಗೆ ಹಿಡಿದು ಗಲ್ಲಿಯ ತುದಿಗೆ ಹೋಗಿ ನಿಲ್ಲುವಳು. ಇವಳು ಬಾಗಿಲಲ್ಲಿ ನಿಂತು ಯಾವುದು ಕಾಣುತ್ತದೆ, ಯಾವುದು ಕರಗುತ್ತದೆ ಎಂದು ಹೇಳಬೇಕು.

ಅಂಜಿನಮ್ಮನ ಗಂಡ ಪಿಳ್ಳಪ್ಪ ಜಟಕಾ ಹೊಡೆಯುವವನು. ಹೆಂಡತಿ ಭಾನುವಾರ ಭಾನುವಾರ ಸಾಬರ ಮನೆಗೆ ಹೋಗುತ್ತಾಳೆ ಎಂದು ಹೆಂಡದಂಗಡಿಯಲ್ಲಿ ಯಾರೋ ಹೇಳಿದರು. ಹೇಳಿದವನು ನಕ್ಕ. ಆ ನಗುವೇ ಸಾಕಾಯಿತು. ಮುಂಚೆಯೂ ಅವನು ಹೊಡೆಯುತ್ತಿದ್ದ, ಕೈಯಿಂದ, ಕೆಲವೊಮ್ಮೆ ಕಾಲಿನಿಂದ. ಆ ಸಂಜೆ ಚಾವಟಿ ತಂದ.

ಅವಳು ಹೊಸಿಲ ಮೇಲೆ ಕೂತು ತಗಡು ಕತ್ತರಿಸುತ್ತಿದ್ದಳು. ಅಕ್ಷರವನ್ನು ತಗಡಿನಲ್ಲಿ ಕೊರೆದು ಪೆಟ್ಟಿಗೆಯ ಮೇಲಿಟ್ಟು ಬಣ್ಣ ಒತ್ತಿದರೆ ಯಾರು ಬೇಕಾದರೂ ಬರೆಯಬಹುದು ಎಂದು ಸನಾವುಲ್ಲಾ ಹೇಳಿಕೊಟ್ಟಿದ್ದ. ಅವನ ತಗಡು ಕತ್ತರಿ ಅವಳ ಹತ್ತಿರವಿತ್ತು.

ಮೊದಲ ಏಟು ಬೆನ್ನಿಗೆ ಬಿತ್ತು. ಎರಡನೆಯದು ಕುತ್ತಿಗೆಯನ್ನು ಸುತ್ತಿ ಕೆನ್ನೆ ಸೀಳಿತು. ಪಿಳ್ಳಪ್ಪ ಜುಟ್ಟು ಹಿಡಿದು ಅವಳನ್ನು ಬೀದಿಗೆ ಎಳೆದ. ಜೋಗುಪಾಳ್ಯದ ಬೀದಿ ಕಿರಿದು. ಎರಡೂ ಕಡೆ ಜನ ಬಾಗಿಲಲ್ಲಿ ನಿಂತು ನೋಡಿದರು. ಯಾರೂ ಇಳಿದು ಬರಲಿಲ್ಲ. ಅವನು ಅವಳು ಕೊರೆದಿದ್ದ ತಗಡುಗಳನ್ನು ಒಂದೊಂದಾಗಿ ಎತ್ತಿ ಮೊಣಕಾಲಿಗೆ ಒತ್ತಿ ಮಡಚಿ ಮೋರಿಗೆ ಎಸೆದ.

"ಎದ್ದೇಳೇ. ಇನ್ನೊಂದು ಕಿತ ಆ ಗಲ್ಲಿಗೆ ಕಾಲಿಟ್ರೆ ಕಾಲೇ ಇರಲ್ಲ ನಿಂಗೆ."

ಅವಳು ಏಳಲಿಲ್ಲ. ಬಿದ್ದಲ್ಲಿಂದಲೇ ಕೈ ಚಾಚಿ ಕತ್ತರಿ ತೆಗೆದುಕೊಂಡು ಅವನ ತೊಡೆಗೆ ಇಳಿಸಿದಳು. ಹೊರಗೆಳೆದು ಮತ್ತೊಮ್ಮೆ ಇಳಿಸಿದಳು. ಪಿಳ್ಳಪ್ಪ ಕುಸಿದು ಕೂತು ತನ್ನ ರಕ್ತವನ್ನೇ ನೋಡುತ್ತಿದ್ದ. ಆಗ ಜನ ಇಳಿದು ಬಂದರು. ಅವನನ್ನು ಅವನದೇ ಜಟಕಾದಲ್ಲಿ ಹಾಕಿ ಆಸ್ಪತ್ರೆಗೆ ಒಯ್ದರು. ಗಾಯ ಮಾಗಿದ ಮೇಲೆ ಅವನು ಹೊರಮಾವಿನ ಅಣ್ಣನ ಮನೆಗೆ ಹೋದ, ಜೋಗುಪಾಳ್ಯಕ್ಕೆ ಬರಲಿಲ್ಲ. ಅಂಜಿನಮ್ಮ ಮೋರಿಗೆ ಇಳಿದು ತಗಡುಗಳನ್ನು ಹುಡುಕಿ ತೆಗೆದಳು. ಮಡಚಿದ್ದು ನೆಟ್ಟಗಾಗಲಿಲ್ಲ. ಮತ್ತೆ ಮೊದಲಿನಿಂದ ಕೊರೆದಳು.

ಕೊರೆದದ್ದು ಹೀಗಿತ್ತು. ಪೆಟ್ಟಿಗೆಯ ಉದ್ದಕ್ಕೂ ಒಂದು ಅಗಲವಾದ ಕೆಂಪು ಪಟ್ಟಿ. ಅದರ ಕೆಳಗೆ ಏನೂ ಇಲ್ಲದ ಜಾಗ, ನಾಲ್ಕು ಬೆರಳಗಲ. ಆಮೇಲೆ ಡೇಂಜರ್ ಎಂಬ ಒಂದೇ ಮಾತು, ಗೇಣುದ್ದದ ಅಕ್ಷರದಲ್ಲಿ. ಕಂಪನಿ, ತೂಕ, ನಂಬರು, ಊರು ಎಲ್ಲ ಸೇರಿ ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ. ಕೆಂಪು ಬಣ್ಣ ಸನಾವುಲ್ಲಾ ಯುದ್ಧಕ್ಕೆ ಮುಂಚೆ ಎತ್ತಿಟ್ಟಿದ್ದ ಡಬ್ಬಿಯದು.

ಒಂದು ಸೋಮವಾರ ಹೊಸದಾಗಿ ಕ್ಯಾಪು ಬಂದಿತ್ತು. ನಲವತ್ತು ಪೆಟ್ಟಿಗೆ, ಇನ್ನೂ ಏನೂ ಬರೆಯದವು. ಅಂಜಿನಮ್ಮ ಮತ್ತು ಅವಳ ಜೊತೆಯ ಗೋವಿಂದಮ್ಮ ಗೇಟು ತೆರೆಯುತ್ತಲೇ ಒಳಗೆ ಹೋಗಿ ಒಂದು ಕಡೆಯಿಂದ ತಗಡಿಟ್ಟು ಬಣ್ಣ ಒತ್ತುತ್ತ ಬಂದರು. ಗೋವಿಂದಮ್ಮನ ಮಗಳು ಗಂಗಲಕ್ಷ್ಮಮ್ಮನ ಜೊತೆ ಸತ್ತ ಇಬ್ಬರಲ್ಲಿ ಒಬ್ಬಳು. ಮುನಿರಾಜಪ್ಪ ಬರುವ ಹೊತ್ತಿಗೆ ಮೂವತ್ತೆಂಟು ಮುಗಿದಿದ್ದವು. ಅವನು ಪೆಟ್ಟಿಗೆ ಅಳೆಯುವ ಕಬ್ಬಿಣದ ಸರಳು ಹಿಡಿದು ನಿಂತು ನೋಡಿದ.

"ಯಾರೇ ನಿಂಗೆ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ನೀವು ಹೇಳ್ಬೇಕಿತ್ತು."

ಅವನು ಬಣ್ಣದ ಡಬ್ಬಿಯನ್ನು ಒದ್ದ. ಸರಳು ಅವಳ ಬಲಭುಜದ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಗೋವಿಂದಮ್ಮನಿಗೆ ಕೇಳಿಸಿತು. ಅವನು ಮತ್ತೆ ಎತ್ತಿದ. ಅದು ಇಳಿಯುವ ಮುನ್ನ ಗೋವಿಂದಮ್ಮ ಕೊಡತಿಯನ್ನು ಬೀಸಿ ಅವನ ದವಡೆಗೆ ಹೊಡೆದಳು. ಅವನು ಬಿದ್ದ. ಆಮೇಲೆ ಯಾರು ಮೊದಲು, ಯಾರು ನಂತರ ಎಂದು ಹೇಳಲಾಗದು. ಎಂಟು ಹತ್ತು ಹೆಂಗಸರು ಬಂದು ಮುತ್ತಿದರು. ಸುತ್ತಿಗೆ, ಹಾರೆ, ಕಾಲು. ಅವನ ಆಳುಗಳಿಬ್ಬರು ಓಡಿಬಂದು ಹೆಂಗಸರ ಜುಟ್ಟು ಹಿಡಿದು ಎಳೆದರು. ಒಬ್ಬಳ ಕಿವಿ ಓಲೆಯ ಸಮೇತ ಹರಿಯಿತು. ನಿಲ್ಲಿಸಿ ಎಂದು ಅಂಜಿನಮ್ಮ ಹೇಳಬಹುದಿತ್ತು, ಹೇಳಲಿಲ್ಲ. ಮುಂದೆ ಅವಳೇ ಜಹನಾರಾಳ ಹತ್ತಿರ ಒಪ್ಪಿಕೊಂಡ ಮಾತಿದು: "ಸಾಯ್ಲಿ ಅಂತಾನೇ ನೋಡ್ತಿದ್ದೆ."

ಜಗಳ ಉರುಳುತ್ತ ಉರುಳುತ್ತ ಪೆಟ್ಟಿಗೆಗಳ ಸಾಲಿಗೆ ಹೋಗಿ ಬಡಿಯಿತು. ಎದೆಯೆತ್ತರಕ್ಕೆ ಪೇರಿಸಿದ್ದರಲ್ಲಿ ಮೇಲಿನದೊಂದು ಜಾರಿ, ಅಂಚಿನಾಚೆಗೆ ಅರ್ಧ ಬಂದು ವಾಲಿತು. ಕೆಂಪು ಪಟ್ಟಿ ಎಲ್ಲರ ಕಣ್ಣಿಗೂ ಒಟ್ಟಿಗೇ ಬಿತ್ತು. ಅಲ್ಲಿದ್ದ ಹೆಂಗಸರಲ್ಲಿ ಒಬ್ಬಳಿಗೂ ಓದು ಬರುತ್ತಿರಲಿಲ್ಲ. ಆದರೂ ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಆಳುಗಳು ಹಿಡಿದ ಜುಟ್ಟು ಬಿಟ್ಟರು. ಎಲ್ಲರೂ ಹಿಂದಕ್ಕೆ ಸರಿದರು. ನೆಲದ ಮೇಲೆ ಬಿದ್ದಿದ್ದ ಮುನಿರಾಜಪ್ಪನೂ ಒಡೆದ ಬಾಯಿಂದ ರಕ್ತ ಉಗುಳುತ್ತ ಅದನ್ನೇ ನೋಡುತ್ತ ತೆವಳಿದ.

ಅಂಜಿನಮ್ಮ ಒಬ್ಬಳು ಮುಂದೆ ಹೋದಳು. ಮುರಿದ ಭುಜವನ್ನು ಪೆಟ್ಟಿಗೆಗೆ ಒಡ್ಡಿ, ಎಡಗೈಯನ್ನು ಅಡಿಗೆ ಕೊಟ್ಟು, ಮೆಲ್ಲಗೆ ಅದನ್ನು ಸಾಲಿನ ಮೇಲಕ್ಕೆ ತಳ್ಳಿದಳು. ಸರಿಯಾಗಿ ಕೂತಿದೆ ಎಂದು ಖಾತರಿಯಾದ ಮೇಲೆ ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದಳು.

ಪೊಲೀಸರು ಬಂದು ಒಂಬತ್ತು ಹೆಂಗಸರನ್ನು ಕರೆದೊಯ್ದರು. ಠಾಣೆಯಲ್ಲಿ ಲಾಠಿಯ ಏಟು ಬಿದ್ದವು, ಅಂಜಿನಮ್ಮನ ಪಾದಗಳಿಗೆ. ಭುಜ ಮುರಿದಿದೆ ಎಂದು ಗೋವಿಂದಮ್ಮ ಕೂಗಿಕೊಂಡದ್ದಕ್ಕೆ ಅವಳಿಗೂ ಬಿತ್ತು. ಕೋರ್ಟಿನಲ್ಲಿ ಇಪ್ಪತ್ತೊಂದು ದಿನದ ಜೈಲಾಯಿತು. ಜಹನಾರಾ ಬುರ್ಖಾ ಹಾಕಿಕೊಂಡು ಎರಡು ಸಲ ಜೈಲಿನ ಬಾಗಿಲಿಗೆ ಬಂದು ರೊಟ್ಟಿಯ ಗಂಟು ಕೊಟ್ಟು ಹೋದಳು. ಮೂಳೆ ಕೂಡಿಸಲು ಯಾರೂ ಇರಲಿಲ್ಲ. ಅದು ಹೇಗೆ ಕೂಡಿತೋ ಹಾಗೆ ಕೂಡಿತು. ಆಮೇಲೆ ಅವಳ ಬಲಗೈ ಕಿವಿಗಿಂತ ಮೇಲೆ ಏಳಲೇ ಇಲ್ಲ.

ಅವಳು ಹೊರಗೆ ಬಂದಾಗ ಯಾರ್ಡಿನ ಗೇಟಿನಲ್ಲಿ ಒಂದು ಲಾರಿ ನಿಂತಿತ್ತು. ಅದರ ತುಂಬ ಕೆಂಪು ಪಟ್ಟಿಯ ಪೆಟ್ಟಿಗೆಗಳು. ನಡೆದದ್ದು ಇಷ್ಟು. ಆ ಸೋಮವಾರದ ಮೂವತ್ತೆಂಟು ಪೆಟ್ಟಿಗೆ ಮಧ್ಯಾಹ್ನವೇ ಲಾರಿ ಹತ್ತಿ ಹೋಗಿದ್ದವು. ಹೋದ ಕಡೆಯ ಮಿಲಿಟರಿಯವರಿಗೆ ಅದು ಹಿಡಿಸಿತು. ಇನ್ನು ಮುಂದೆ ಕ್ಯಾಪು ಹೀಗೆಯೇ ಬರಬೇಕು ಎಂದು ಕಂಟ್ರಾಕ್ಟರನಿಗೆ ಕಾಗದ ಬಂತು. ಕಂಟ್ರಾಕ್ಟರ್ ತನ್ನ ಯಾರ್ಡಿನ ಹೊಸ ವ್ಯವಸ್ಥೆ ಎಂದು ಉತ್ತರ ಬರೆದ. ಅವಳ ತಗಡನ್ನು ನೋಡಿ ಬೇರೆ ಯಾರೋ ಇನ್ನೊಂದು ಕೊರೆದಿದ್ದರು.

ಅಂಜಿನಮ್ಮ ಲಾರಿಯ ಹತ್ತಿರ ನಿಂತು ಅಕ್ಷರ ನೋಡಿದಳು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಬೆರಳು ತೂರುವುದಿಲ್ಲ, ನಾಲ್ಕನೆಯದರ ಪಕ್ಕ ಎತ್ತು ಮಲಗುವಷ್ಟು ಜಾಗ. ಕೆಂಪು ಪಟ್ಟಿಯ ಕೆಳಗಿನ ಖಾಲಿಯನ್ನು ದಂಡ ಎಂದುಕೊಂಡು ಅಲ್ಲಿ ಕಂಪನಿಯ ಹೆಸರು ತುರುಕಿದ್ದರು. ಜೈಲಿನಲ್ಲಿ ಬಾರದ ಸಿಟ್ಟು ಅವಳಿಗೆ ಆಗ ಬಂತು. ನೇರವಾಗಿ ಕಂಟ್ರಾಕ್ಟರನ ಆಫೀಸಿಗೆ ನುಗ್ಗಿದಳು. ಗುಮಾಸ್ತ ತಡೆದ. ಅವನ ಎದೆಗೆ ಎಡಗೈ ಕೊಟ್ಟು ನೂಕಿದಳು.

"ಅಕ್ಷರ ಕೆಡ್ಸಿದ್ದೀರಿ," ಎಂದಳು ಕಂಟ್ರಾಕ್ಟರನಿಗೆ. "ಮೊದ್ಲಿನಂಗೆ ನಾನೇ ಕೊರ್ಕೊಡ್ತೀನಿ. ಇಲ್ಲಾಂದ್ರೆ ದಿನಾ ಬಂದು ಗೇಟ್ನಲ್ಲಿ ನಿಂತು, ಮೂರು ಜನ ಸತ್ತಿದ್ದು ಹೆಂಗೆ ಅಂತ ಬರೋ ಹೋಗೋ ಮಿಲಿಟ್ರಿಯೋರ್ಗೆಲ್ಲ ಹೇಳ್ತೀನಿ."

ಕಂಟ್ರಾಕ್ಟರ್ ವ್ಯಾಪಾರದವನು. ಅವಳನ್ನು ಕೆಲಸಕ್ಕೆ ಇಟ್ಟುಕೊಂಡ. ಮುನಿರಾಜಪ್ಪನನ್ನೂ ತೆಗೆಯಲಿಲ್ಲ. ಅವನ ದವಡೆ ಸೊಟ್ಟಗೆ ಕೂಡಿತ್ತು, ಗಂಜಿ ಬಿಟ್ಟು ಬೇರೇನೂ ತಿನ್ನಲಾಗುತ್ತಿರಲಿಲ್ಲ. ಎರಡು ವರ್ಷ ಇಬ್ಬರೂ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡಿದರು. ಒಂದು ಮಾತೂ ಆಡಲಿಲ್ಲ. ಅವನು ಹಿಂದಿನಿಂದ ಹಾದುಹೋದಾಗಲೆಲ್ಲ ಅವಳ ಕೈ ತಾನಾಗಿ ಕತ್ತರಿಯ ಹಿಡಿಗೆ ಹೋಗುತ್ತಿತ್ತು.

ಯುದ್ಧ ಮುಗಿದು ಯಾರ್ಡು ಮುಚ್ಚಿತು. ೧೯೪೬ರಲ್ಲಿ ಸನಾವುಲ್ಲಾ, ಅಂಜಿನಮ್ಮ ಸೇರಿ ಅಂಗಡಿ ಬೋರ್ಡು ಬರೆಯತೊಡಗಿದರು. ಅವನು ಎಡಗೈಯಿಂದ ಸೀಮೆಸುಣ್ಣದಲ್ಲಿ ಗೀರಿ ಕೊಡುವನು, ಅವಳು ತುಂಬುವಳು. ಬಲಗೈ ಮೇಲೇಳದ ಕಾರಣ ಅವಳು ಏಣಿಯಲ್ಲಿ ಎರಡು ಮೆಟ್ಟಿಲು ಹೆಚ್ಚು ಹತ್ತಿ, ಬೋರ್ಡನ್ನು ಎದೆಮಟ್ಟಕ್ಕೆ ತಂದುಕೊಂಡು ಬರೆಯುತ್ತಿದ್ದಳು. ಹಲಸೂರಿನ ಬಜಾರಿನಲ್ಲಿ ಹಾಗೆ ಏಣಿ ಹತ್ತಿದ್ದಾಗ ಒಮ್ಮೆ ಕಲ್ಲು ಬಿತ್ತು. ಕಚ್ಚೆ ಹಾಕಿ ಏಣಿ ಹತ್ತಿದ ಹೆಂಗಸು ಎಂಬುದು ಒಂದು, ಕೆಳಗೆ ಏಣಿ ಹಿಡಿದವನು ಸಾಬಿ ಎಂಬುದು ಇನ್ನೊಂದು. ಮೊದಲ ಕಲ್ಲು ಗೋಡೆಗೆ, ಎರಡನೆಯದು ಅವಳ ಬಾಯಿಗೆ. ಮುಂದಿನ ಹಲ್ಲೊಂದು ಹೋಯಿತು. ಸನಾವುಲ್ಲಾ ಏಣಿ ಬಿಟ್ಟು ಕಲ್ಲು ಎಸೆದವರ ಕಡೆ ತಿರುಗಿದಾಗ ನಾಲ್ಕು ಜನ ಅವನನ್ನು ಬೀಳಿಸಿ ತುಳಿದರು. ಅವಳು ಏಣಿಯ ಮೇಲಿನಿಂದಲೇ ಬಣ್ಣದ ಡಬ್ಬಿಯನ್ನು ಒಬ್ಬನ ತಲೆಯ ಮೇಲೆ ಎತ್ತಿಹಾಕಿದಳು. ಬಟ್ಟೆ ಅಂಗಡಿಯ ಯಜಮಾನ ಹೊರಗೆ ಬಂದು ಬಿಡಿಸಿದ.

"ಹೋಗಮ್ಮ, ನಾಳೆ ಬಂದು ಬರಿ," ಎಂದ ಅವನು.

"ಅರ್ಧ ಒಣಗಿದ್ರೆ ಕಲೆ ನಿಲ್ಲತ್ತೆ," ಎಂದು ಅವಳು ರಕ್ತ ಉಗುಳಿ, ಇನ್ನೊಂದು ಡಬ್ಬಿ ತರಿಸಿಕೊಂಡು ಉಳಿದ ಮೂರು ಅಕ್ಷರ ಮುಗಿಸಿ ಇಳಿದಳು.

ಆ ತುಳಿತದಲ್ಲಿ ಸನಾವುಲ್ಲಾನ ಪಕ್ಕೆಲುಬು ಎರಡು ಮುರಿದವು. ಎದ್ದು ಓಡಾಡಿದ, ಆದರೆ ಉಸಿರು ಮೊದಲಿನಂತೆ ಆಗಲಿಲ್ಲ. ಮೂರು ವರ್ಷ ಕೆಮ್ಮಿ, ೧೯೪೯ರ ಆಷಾಢದಲ್ಲಿ ತೀರಿಕೊಂಡ. ಕಡೆಯ ವಾರ ಅವನಿಗೆ ಮಾತು ಕಷ್ಟವಾಗಿತ್ತು. ಅಂಜಿನಮ್ಮ ಹೊಸ ಬೋರ್ಡಿನ ಗೀಟುಗಳನ್ನು ಕಾಗದದ ಮೇಲೆ ಬರೆದು ತಂದು ಹಾಸಿಗೆಯ ಎದುರಿಗೆ ಹಿಡಿದರೆ ಎಡಗೈಯ ಬೆರಳಿನಿಂದ ತಪ್ಪಿದ್ದ ಕಡೆ ತೋರಿಸುತ್ತಿದ್ದ. ಒಂದು ದಿನ ಅವಳು ತಂದದ್ದನ್ನು ತುಂಬ ಹೊತ್ತು ನೋಡಿ ಎಲ್ಲೂ ತೋರಿಸದೆ ಕೈ ಕೆಳಗಿಟ್ಟ. ಅವಳು ಹೊರಗೆ ಬಂದು ಜಗಲಿಯ ಮೇಲೆ ಕೂತು ಅತ್ತಳು. ಅಕ್ಕ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ ಎಂದು ಗೋವಿಂದಮ್ಮ ಹೇಳುತ್ತಿದ್ದಳು.

ಜಹನಾರಾಳ ಮೈದುನರು ಮನೆ ಖಾಲಿ ಮಾಡಿಸಲು ಬಂದರು. ಪಾತ್ರೆ ಬೀದಿಗೆ ಬಿತ್ತು. ಜಹನಾರಾ ಜಗಳವಾಡಲಿಲ್ಲ. ಬಣ್ಣದ ಡಬ್ಬಿ, ಬ್ರಷ್ಷು, ತಗಡುಗಳನ್ನು ಮಾತ್ರ ಗಂಟು ಕಟ್ಟಿ ಜೋಗುಪಾಳ್ಯಕ್ಕೆ ನಡೆದು ಬಂದಳು. ಅಂಜಿನಮ್ಮ ಬಾಗಿಲು ತೆರೆದು, "ಬನ್ನಿ ಬೂಬಮ್ಮ" ಎಂದು ಗಂಟು ಇಳಿಸಿಕೊಂಡಳು. ಬೀದಿಯಲ್ಲಿ ಮಾತು ಎದ್ದಿತು, ಆದರೆ ಆ ಹೆಂಗಸಿನ ಮನೆಯ ಮುಂದೆ ನಿಂತು ಹೇಳುವ ಧೈರ್ಯ ಯಾರೂ ಮಾಡಲಿಲ್ಲ. ಪಿಳ್ಳಪ್ಪನ ತೊಡೆಗೆ ಕತ್ತರಿ ಇಳಿದದ್ದನ್ನು ಎಲ್ಲರೂ ನೋಡಿದ್ದರು.

ಆ ವರ್ಷದ ಡಿಸೆಂಬರಿನಲ್ಲಿ ದಂಡೂ ಪೇಟೆಯೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಮನೆಮನೆಗೂ ಹೊಸ ನಂಬರು ಬರೆಯಬೇಕೆಂದು ಮಾತು ಹಬ್ಬಿತು. ಕೆಲಸ ಹಿಡಿದವನು ಬೇರೊಬ್ಬ. ಜೋಗುಪಾಳ್ಯದ ಕೆಲವು ಬೀದಿಗಳನ್ನು ಅವನು ಅಂಜಿನಮ್ಮನಿಗೆ ಬಿಟ್ಟುಕೊಟ್ಟ. ಬೆಳಿಗ್ಗೆ ಇಬ್ಬರೂ ಹೊರಡುವರು. ಜಹನಾರಾ ತಗಡನ್ನು ಗೋಡೆಗೆ ಒತ್ತಿ ಹಿಡಿದರೆ ಅಂಜಿನಮ್ಮ ಕಪ್ಪು ಒತ್ತುವಳು. ಒಂದು ಮನೆಯ ಮುದುಕ ನಂಬರನ್ನು ಬಾಗಿಲ ನಟ್ಟನಡುವೆ ದೊಡ್ಡದಾಗಿ ಬರೆಯಬೇಕೆಂದು ಹಟ ಹಿಡಿದ. ಪಕ್ಕದ ಮನೆಯವನದಕ್ಕಿಂತ ದೊಡ್ಡದಿರಬೇಕಂತೆ. ಸುತ್ತ ಖಾಲಿ ಜಾಗ ಬಿಟ್ಟರೆ ಸಣ್ಣದೇ ಮೊದಲು ಕಾಣುತ್ತದೆ ಎಂದು ಅಂಜಿನಮ್ಮ ಅವನ ಜೊತೆ ಅರ್ಧ ಗಂಟೆ ಜಗಳವಾಡಿದಳು.

"ಬರ್ಕೊಟ್ಬಿಡು, ಹೋಗೋಣ. ಬಿಸ್ಲು ಏರ್ತಿದೆ," ಎಂದಳು ಜಹನಾರಾ.

ಅಂಜಿನಮ್ಮ ಬಾಗಿಲಿನಿಂದ ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ಕಣ್ಣು ಕಿರಿದು ಮಾಡಿ ನಿಂತಳು. ಮುದುಕನೂ ಏನು ನೋಡುತ್ತಾಳೆ ಎಂದು ಬಂದು ಅವಳ ಪಕ್ಕದಲ್ಲಿ ನಿಂತ.